ಆಡಿಟರ್ ಸಾಲನ್ನು ಖಾಲಿ ಬಿಡುವ ಮುನ್ನ: ಮಿನೆಸೋಟಾದ ಕನ್ನಡ ಮತದಾರರಿಗಾಗಿ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. 2026ರ ನವೆಂಬರ್ 3ರಂದು ಮಿನೆಸೋಟಾದ ಮತಗಟ್ಟೆಯಲ್ಲಿ ಕೈಗೆ ಬರುವ ಮತಪತ್ರದಲ್ಲಿ ಗವರ್ನರ್ ಹೆಸರುಗಳನ್ನು ದಾಟಿ ಕೆಳಗಿಳಿದರೆ 'ಸ್ಟೇಟ್ ಆಡಿಟರ್' ಎಂಬ ಸಾಲು ಸಿಗುತ್ತದೆ. ಗವರ್ನರ್‌ಗೆ ಮತ ಹಾಕಿದವರಲ್ಲೂ ಸಾಕಷ್ಟು ಜನ ಈ ಸಾಲನ್ನು ಖಾಲಿ ಬಿಟ್ಟು ಬರುತ್ತಾರೆ. ಉಳಿದವರಲ್ಲಿ ಬಹುಪಾಲು ಮಂದಿ ಹೆಸರಿನ ಪಕ್ಕದ ಪಕ್ಷ ನೋಡಿ ಗುರುತು ಹಾಕುತ್ತಾರೆ. 2022ರಲ್ಲಿ ಇದೇ ಹುದ್ದೆಗೆ ಡಿಎಫ್‌ಎಲ್ ಪಕ್ಷದ (ಡೆಮಾಕ್ರಟಿಕ್ ಪಕ್ಷಕ್ಕೆ ಮಿನೆಸೋಟಾದಲ್ಲಿರುವ ಹೆಸರು) ಜೂಲಿ ಬ್ಲಾಹಾ ಮತ್ತು ರಿಪಬ್ಲಿಕನ್ ಪಕ್ಷದ ರಯಾನ್ ವಿಲ್ಸನ್ ಸ್ಪರ್ಧಿಸಿದ್ದರು. ಬ್ಲಾಹಾ ಗೆದ್ದದ್ದು ಶೇಕಡ ಅರ್ಧಕ್ಕಿಂತಲೂ ಕಡಿಮೆ ಅಂತರದಲ್ಲಿ. ಗಾಂಜಾ ಕಾನೂನುಬದ್ಧವಾಗಲಿ ಎನ್ನುವ ಸಣ್ಣ ಪಕ್ಷಗಳ ಅಭ್ಯರ್ಥಿಗಳು ಆ ಅಂತರಕ್ಕಿಂತ ಎಷ್ಟೋ ಹೆಚ್ಚು ಮತ ಪಡೆದಿದ್ದರು. ಖಾಲಿ ಬಿಟ್ಟ ಸಾಲು ಎಂಥ ಫಲಿತಾಂಶವನ್ನು ತಿರುಗಿಸಬಹುದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಭಾರತದಿಂದ ಬಂದವರಿಗೆ ಆಡಿಟರ್‌ಗೆ ಮತ ಹಾಕುವುದೇ ಹೊಸ ಅನುಭವ. ಅಲ್ಲಿ ಸಿಎಜಿಯನ್ನು ಸಂವಿಧಾನದ 148ನೇ ವಿಧಿಯಂತೆ ರಾಷ್ಟ್ರಪತಿ ನೇಮಿಸುತ್ತಾರೆ. ಅವಧಿ ಆರು ವರ್ಷ, ಇಲ್ಲವೇ 65 ವಯಸ್ಸು ತುಂಬುವವರೆಗೆ, ಯಾವುದು ಮೊದಲೋ ಅದು. ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಠಿಣ ದಾರಿ. ಗ್ರಾಮ ಪಂಚಾಯಿತಿಯ ಓಚರು, ಕ್ಯಾಶ್ ಬುಕ್ ನೋಡಲು ಬರುವವರು ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯ ನೌಕರರು. ಎಲ್ಲೂ ಮತದಾರನ ಕೈ ತಗಲುವುದಿಲ್ಲ. ಮಿನೆಸೋಟಾದಲ್ಲಿ ಹಾಗಲ್ಲ. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಸೆಕ್ರೆಟರಿ ಆಫ್ ಸ್ಟೇಟ್, ಅಟಾರ್ನಿ ಜನರಲ್ ಜೊತೆಗೆ ಆಡಿಟರ್ ಕೂಡ ರಾಜ್ಯ ಸಂವಿಧಾನವೇ ಹೆಸರಿಸಿದ ಚುನಾಯಿತ ಹುದ್ದೆ, ಅವಧಿ ನಾಲ್ಕು ವರ್ಷ. ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಮತದಾನದ ಹಕ್ಕಿರಬೇಕು, ಚುನಾವಣೆಗೆ ಮುಂಚೆ 30 ದಿನ ರಾಜ್ಯದಲ್ಲಿ ವಾಸವಿರಬೇಕು. ಇಷ್ಟೇ ಅರ್ಹತೆ. ಅಕೌಂಟಿಂಗ್ ಪದವಿಯನ್ನಾಗಲಿ ಸಿಪಿಎ (ಭಾರತದ ಸಿಎ ಇದ್ದಂತೆ) ಪರವಾನಗಿಯನ್ನಾಗಲಿ ಕಾನೂನು ಕೇಳುವುದಿಲ್ಲ. ಕಾನೂನು ಮಾಡದ ಆ ಜರಡಿ ಹಿಡಿಯುವ ಕೆಲಸ ಮತದಾರನ ಪಾಲಿಗೆ ಬಂದಿದೆ.

ಆದ್ದರಿಂದ 'ಈ ಅಭ್ಯರ್ಥಿ ಎಂಥವರು' ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಗೆದ್ದರೆ ಇವರು ಯಾರ ಲೆಕ್ಕದ ಪುಸ್ತಕ ಬಿಚ್ಚುತ್ತಾರೆ?

ಮಿನೆಸೋಟಾದಲ್ಲಿ ಸರ್ಕಾರಿ ಆಡಿಟ್ ಕಚೇರಿಗಳು ಎರಡಿವೆ. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ. 1973ರಲ್ಲಿ ಶಾಸನಸಭೆ ಲೆಜಿಸ್ಲೇಟಿವ್ ಆಡಿಟರ್ ಎಂಬ ಹುದ್ದೆಯನ್ನು ಹುಟ್ಟುಹಾಕಿ, ರಾಜ್ಯ ಸರ್ಕಾರದ ಇಲಾಖೆಗಳ ಲೆಕ್ಕ ನೋಡುವ ಕೆಲಸವನ್ನು ಅದಕ್ಕೆ ವಹಿಸಿತು. ಆ ಹುದ್ದೆಗೆ ಶಾಸಕರೇ ನೇಮಕ ಮಾಡುತ್ತಾರೆ, ಚುನಾವಣೆ ಇಲ್ಲ. ಜನ ಆರಿಸುವ ಸ್ಟೇಟ್ ಆಡಿಟರ್ ಪಾಲಿಗೆ ಉಳಿದದ್ದು ಸ್ಥಳೀಯ ಸರ್ಕಾರಗಳು: 87 ಕೌಂಟಿಗಳು, 850ಕ್ಕೂ ಹೆಚ್ಚು ನಗರಗಳು, 1,700ಕ್ಕೂ ಹೆಚ್ಚು ಟೌನ್‌ಶಿಪ್‌ಗಳು, ಶಾಲಾ ಜಿಲ್ಲೆಗಳು, ಸ್ವಯಂಸೇವಕ ಅಗ್ನಿಶಾಮಕ ದಳದವರ ನೂರಾರು ಪಿಂಚಣಿ ನಿಧಿಗಳು.

ಈ ವ್ಯತ್ಯಾಸ ಎಷ್ಟು ಮುಖ್ಯ ಎನ್ನುವುದಕ್ಕೆ ದೊಡ್ಡ ಉದಾಹರಣೆಯೇ ನಮ್ಮ ಮುಂದಿದೆ. ಕೋವಿಡ್ ಕಾಲದಲ್ಲಿ ಮಕ್ಕಳ ಊಟಕ್ಕೆಂದು ಬಂದ ಕೇಂದ್ರ ಸರ್ಕಾರದ ಹಣದಲ್ಲಿ ಸುಮಾರು 250 ಮಿಲಿಯನ್ ಡಾಲರ್ ಲೂಟಿಯಾಯಿತು ಎಂದು 2022ರ ಸೆಪ್ಟೆಂಬರ್‌ನಲ್ಲಿ 'ಫೀಡಿಂಗ್ ಅವರ್ ಫ್ಯೂಚರ್' ಸಂಸ್ಥೆಯ ಸುತ್ತಲಿನವರ ಮೇಲೆ ಮೊಕದ್ದಮೆ ಬಿತ್ತು. ಆಗಿನಿಂದ ಪ್ರತಿ ಸಭೆಯಲ್ಲೂ ಒಂದೇ ಪ್ರಶ್ನೆ: "ಸ್ಟೇಟ್ ಆಡಿಟರ್ ಏನು ಮಾಡುತ್ತಿದ್ದರು?" ಆ ಹಣ ಹರಿದದ್ದು ರಾಜ್ಯದ ಶಿಕ್ಷಣ ಇಲಾಖೆಯ ಮೂಲಕ. ಆ ಇಲಾಖೆಯ ಮೇಲ್ವಿಚಾರಣೆ ಸಾಲದಾಗಿತ್ತು, ಅದೇ ವಂಚನೆಗೆ ಅವಕಾಶ ಮಾಡಿಕೊಟ್ಟಿತು ಎಂದು 2024ರಲ್ಲಿ ವರದಿ ಕೊಟ್ಟದ್ದು ಲೆಜಿಸ್ಲೇಟಿವ್ ಆಡಿಟರ್ ಕಚೇರಿ. ಅದು ಅವರ ವ್ಯಾಪ್ತಿಯ ಕೆಲಸ. ಹೀಗಿರುವಾಗ ಸ್ಟೇಟ್ ಆಡಿಟರ್ ಹುದ್ದೆಯ ಅಭ್ಯರ್ಥಿಯೊಬ್ಬರು "ನನ್ನನ್ನು ಗೆಲ್ಲಿಸಿ, ರಾಜ್ಯದ ಇಲಾಖೆಗಳ ವಂಚನೆಯನ್ನೆಲ್ಲ ಬಯಲಿಗೆಳೆಯುತ್ತೇನೆ" ಎಂದರೆ, ಯಾವ ಪಕ್ಷದವರೇ ಆಗಿರಲಿ, ಅಲ್ಲೇ ತಡೆದು ಕೇಳಿ: "ಯಾವ ಕಾನೂನಿನ ಯಾವ ಅಧಿಕಾರದಿಂದ?" ಕಾನೂನು ಬದಲಾಯಿಸಲು ಶಾಸನಸಭೆಯನ್ನು ಕೇಳುತ್ತೇನೆ ಎಂದರೆ ಅದು ಪ್ರಾಮಾಣಿಕ ಉತ್ತರ. ಬಾಯಿ ತಡವರಿಸಿದರೆ ಆ ಹುದ್ದೆಯ ಕೆಲಸವನ್ನೇ ಅವರು ಓದಿಕೊಂಡಿಲ್ಲ ಎಂದರ್ಥ.

ಇನ್ನು ನಿಜವಾದ ಕೆಲಸ ಹೇಗಿರುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡೋಣ. ಒಂದು ಸಣ್ಣ ಟೌನ್‌ಶಿಪ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೂವರು ಸೂಪರ್‌ವೈಸರ್‌ಗಳು, ಒಬ್ಬ ಗುಮಾಸ್ತೆ, ಒಬ್ಬ ಖಜಾಂಚಿ. ರಸ್ತೆಗೆ ಜಲ್ಲಿ ಹಾಕಿಸುವುದು, ಹಿಮ ತೆಗೆಸುವುದು, ಸ್ಮಶಾನ ನೋಡಿಕೊಳ್ಳುವುದು. ಲೆಕ್ಕ ಬರೆಯಲು 'ಸಿಟಾಸ್' ಎಂಬ ತಂತ್ರಾಂಶವನ್ನು ಸ್ಟೇಟ್ ಆಡಿಟರ್ ಕಚೇರಿಯೇ ಒದಗಿಸುತ್ತದೆ. ವರ್ಷಕ್ಕೊಮ್ಮೆ ಜಮಾ-ಖರ್ಚಿನ ವಿವರವನ್ನು ಆ ಕಚೇರಿಗೆ ಸಲ್ಲಿಸಬೇಕು. ನಗರಗಳು ಈ ವರದಿ ಕೊಡದಿದ್ದರೆ ರಾಜ್ಯದಿಂದ ಬರುವ ಸ್ಥಳೀಯ ನೆರವಿನ ಹಣ ತಡೆಹಿಡಿಯಲ್ಪಡುತ್ತದೆ. ಅಗ್ನಿಶಾಮಕ ಪಿಂಚಣಿ ನಿಧಿಯವರು ಲೆಕ್ಕ ಕೊಡದಿದ್ದರೆ ಅವರಿಗೆ ಬರುವ ನೆರವೂ ಹಾಗೇ ನಿಲ್ಲುತ್ತದೆ. ಗುಮಾಸ್ತೆ ಕೆಲಸ ಬಿಟ್ಟು ಹೋಗಿ ಹೊಸಬರು ಬಂದ ವರ್ಷವೇ ಇದು ತಪ್ಪುವುದು. ಕಂಪ್ಯೂಟರಿನ ಪಾಸ್‌ವರ್ಡ್ ಹಳಬರ ಹತ್ತಿರ, ಬ್ಯಾಂಕಿನಲ್ಲಿ ಸಹಿ ಅಧಿಕಾರ ಹಳಬರ ಹೆಸರಲ್ಲಿ, ಮಾರ್ಚ್ ಗಡುವು ತಲೆಯ ಮೇಲೆ. ಆಗ ಫೋನ್ ಎತ್ತಿ ಸಮಾಧಾನವಾಗಿ ದಾರಿ ಹೇಳುವ ಕಚೇರಿ ಬೇಕು. ಅಭ್ಯರ್ಥಿಯ ಬಾಯಲ್ಲಿ ಬರೀ 'ಹಿಡಿಯುತ್ತೇನೆ, ಬಿಡುವುದಿಲ್ಲ' ಎಂಬ ಮಾತೇ ಇದ್ದು, ತರಬೇತಿ, ಮಾರ್ಗದರ್ಶನದ ಮಾತೇ ಇಲ್ಲದಿದ್ದರೆ ಈ ಹುದ್ದೆಯ ಅರ್ಧ ಕೆಲಸವನ್ನು ಅವರು ಬಿಟ್ಟಂತೆ.

ಕಾನೂನು ಪಾಲನೆಯ ತಪಾಸಣೆಗೆ ಸ್ಟೇಟ್ ಆಡಿಟರ್ ಕಚೇರಿ ಒಂದು ಮಾರ್ಗದರ್ಶಿ ಹೊರಡಿಸುತ್ತದೆ. ನಗರಗಳ ಲೆಕ್ಕ ನೋಡುವ ಖಾಸಗಿ ಸಿಪಿಎಗಳೂ ಅದನ್ನೇ ಹಿಡಿದು ನಡೆಯಬೇಕು. ಸಾರ್ವಜನಿಕ ಠೇವಣಿ ಹೇಗಿದೆ, ಟೆಂಡರ್ ಹೇಗೆ ಕರೆದರು, ಸದಸ್ಯರ ಸ್ವಂತ ಹಿತಾಸಕ್ತಿ ನುಸುಳಿದೆಯೇ, ಸಾಲ ಎತ್ತಿದ ರೀತಿ ಸರಿಯೇ, ಬಿಲ್ ಪಾವತಿ ಹೇಗೆ, ಇವೆಲ್ಲ ಅದರಲ್ಲಿವೆ. ಒಂದು ಅಂಶವನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ನಗರದ ಚಾಲ್ತಿ ಖಾತೆಯಲ್ಲಿ 9,00,000 ಡಾಲರ್ ಇದೆ ಎನ್ನಿ. ಠೇವಣಿ ವಿಮೆ ಕಾಯುವುದು 2,50,000ದಷ್ಟನ್ನು. ಮಿಕ್ಕ 6,50,000ಕ್ಕೆ ಬ್ಯಾಂಕ್ ಅಡಮಾನ ಇಡಬೇಕು, ಅದೂ ಶೇಕಡ 10 ಹೆಚ್ಚಿಗೆ: ಅಂದರೆ 7,15,000 ಡಾಲರ್ ಬೆಲೆಯ ಬಾಂಡ್‌ಗಳು. ಆಸ್ತಿ ತೆರಿಗೆಯ ಕಂತು ಬಂದು ಬೀಳುವ ವಾರದಲ್ಲಿ ಖಾತೆ ಇದ್ದಕ್ಕಿದ್ದಂತೆ ಉಬ್ಬುತ್ತದೆ, ಬ್ಯಾಂಕಿನವರು ಅಡಮಾನ ಹೆಚ್ಚಿಸಲು ಮರೆಯುತ್ತಾರೆ, ನಗರದವರು ಕೇಳುವುದಿಲ್ಲ. ವರದಿಗಳಲ್ಲಿ ಕಾಣುವ ಆಕ್ಷೇಪಣೆಗಳಲ್ಲಿ ಇಂಥದ್ದೂ ಒಂದು. ಯಾರೂ ಹಣ ತಿಂದಿರುವುದಿಲ್ಲ. ಆದರೆ ಆ ವಾರ ಬ್ಯಾಂಕ್ ಮುಳುಗಿದ್ದರೆ ಊರಿನ ಹಣವೂ ಅದರ ಜೊತೆ ಮುಳುಗುತ್ತಿತ್ತು. ಇದೇ ರೀತಿ, ಬಿಲ್ ಬಂದ 35 ದಿನದೊಳಗೆ ಪಾವತಿಸಬೇಕು. 1,75,000 ಡಾಲರ್ ಮೀರಿದ ಗುತ್ತಿಗೆಗೆ ಮುಚ್ಚಿದ ಲಕೋಟೆಯ ಟೆಂಡರ್ ಕರೆಯಬೇಕು. ಎರಡು ಲಕ್ಷದ ಕೆಲಸವನ್ನು ಒಂದೊಂದು ಲಕ್ಷದ ಎರಡು ತುಂಡು ಮಾಡುವ ಚಾಳಿ ನಮ್ಮ ಊರಿನಲ್ಲೂ ಇದೆ, ಇಲ್ಲೂ ಇದೆ.

ವಂಚನೆಯ ಮಾತಿಗೆ ಬರೋಣ. ಸ್ಥಳೀಯ ಸರ್ಕಾರದಲ್ಲಿ ಹಣ ಸೋರುವ ದಾರಿ ಬಹುತೇಕ ಒಂದೇ: ಹಣ ಪಡೆಯುವುದು, ಬ್ಯಾಂಕಿಗೆ ಕಟ್ಟುವುದು, ಪುಸ್ತಕ ಬರೆಯುವುದು, ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆ ನೋಡುವುದು, ಈ ನಾಲ್ಕೂ ಒಬ್ಬರ ಕೈಯಲ್ಲಿ. ಇದರ ಪರಾಕಾಷ್ಠೆ ಕಂಡದ್ದು ಇಲಿನಾಯ್ ರಾಜ್ಯದ ಡಿಕ್ಸನ್‌ನಲ್ಲಿ, ಸುಮಾರು 16,000 ಜನರ ಊರು. ಅಲ್ಲಿನ ಕಂಟ್ರೋಲರ್, ಅಂದರೆ ಊರಿನ ಹಣಕಾಸು ನೋಡಿಕೊಳ್ಳುವ ಅಧಿಕಾರಿ, ರೀಟಾ ಕ್ರಂಡ್‌ವೆಲ್ 1990ರಲ್ಲಿ ಊರಿನ ಹೆಸರಲ್ಲೇ ಒಂದು ಗುಪ್ತ ಖಾತೆ ತೆರೆದರು. ರಾಜ್ಯದಿಂದ ಬಂದ ತೆರಿಗೆಯ ಪಾಲನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುತ್ತ, ಕೊನೆಗೆ 'ಟ್ರೆಷರರ್' ಎಂಬ ಹೆಸರಿಗೆ ಚೆಕ್ ಬರೆದು ಆ ಗುಪ್ತ ಖಾತೆಗೆ ಹಾಕುತ್ತಿದ್ದರು. ಅದಕ್ಕೆ ಸಮರ್ಥನೆಯಾಗಿ ರಾಜ್ಯ ಸರ್ಕಾರದ ಹೆಸರಿನ ನಕಲಿ ಬಿಲ್‌ಗಳು. ಒಟ್ಟು 53.7 ಮಿಲಿಯನ್ ಡಾಲರ್. ಆ ಹಣದಲ್ಲಿ ಕುದುರೆ ಸಾಕಿ ದೇಶಮಟ್ಟದ ಬಹುಮಾನ ಗೆದ್ದರು. ವರ್ಷವರ್ಷವೂ ಖಾಸಗಿ ಆಡಿಟ್ ನಡೆದೇ ಇತ್ತು. ಗುಪ್ತ ಖಾತೆ ಊರಿನ ಪುಸ್ತಕದಲ್ಲೇ ಇರಲಿಲ್ಲ, ನಕಲಿ ಬಿಲ್‌ಗಳನ್ನು ಯಾರೂ ಪ್ರಶ್ನಿಸಲಿಲ್ಲ. 2011ರಲ್ಲಿ ಆಕೆ ದೀರ್ಘ ರಜೆಯಲ್ಲಿದ್ದಾಗ ಆ ಕೆಲಸ ನೋಡಿಕೊಂಡ ಗುಮಾಸ್ತೆ ಬ್ಯಾಂಕಿನಿಂದ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತರಿಸಿದರು. ಗೊತ್ತಿಲ್ಲದ ಖಾತೆಯೊಂದು ಕಂಡಿತು. ಅಲ್ಲಿಗೆ ಮುಗಿಯಿತು. ಆಡಿಟ್ ಮಾಡಿದವರೂ ಬ್ಯಾಂಕೂ ಸೇರಿ ನಂತರ ಊರಿಗೆ ಸುಮಾರು 40 ಮಿಲಿಯನ್ ಡಾಲರ್ ಪರಿಹಾರ ಕಟ್ಟಬೇಕಾಯಿತು.

ಡಿಕ್ಸನ್ ಪ್ರಕರಣವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮಿನೆಸೋಟಾದಲ್ಲಿ ಹಿಂದೆ ಬಹುತೇಕ ಕೌಂಟಿಗಳ ಲೆಕ್ಕವನ್ನು ಸ್ಟೇಟ್ ಆಡಿಟರ್ ಕಚೇರಿಯೇ ನೋಡುತ್ತಿತ್ತು. 2015ರಲ್ಲಿ ಬಂದ ಕಾನೂನು, ಕೌಂಟಿಗಳು ಬೇಕಾದರೆ ಖಾಸಗಿ ಸಿಪಿಎ ಸಂಸ್ಥೆಯನ್ನು ನೇಮಿಸಿಕೊಳ್ಳಬಹುದು ಎಂದಿತು. ಆಗಿನ ಆಡಿಟರ್ ರೆಬೆಕಾ ಆಟೊ ಇದು ಸಂವಿಧಾನ ಕೊಟ್ಟ ಹುದ್ದೆಯನ್ನೇ ಟೊಳ್ಳು ಮಾಡುತ್ತದೆ ಎಂದು ಕೋರ್ಟಿಗೆ ಹೋದರು. 2018ರಲ್ಲಿ ಮಿನೆಸೋಟಾ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ಖಾಸಗಿ ಆಡಿಟ್ ಆದ ಮೇಲೂ ಸ್ಟೇಟ್ ಆಡಿಟರ್ ಹೆಚ್ಚುವರಿ ತಪಾಸಣೆ ಮಾಡಬಹುದು ಎಂಬುದು ಆ ತೀರ್ಪಿಗೆ ಆಧಾರವಾದ ಅಂಶ. ಹಾಗಾಗಿ ಅಭ್ಯರ್ಥಿಗೆ ಕೇಳಬೇಕಾದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಪ್ರಶ್ನೆ ಇದು: "ಖಾಸಗಿ ಸಂಸ್ಥೆಗಳು ಮಾಡಿದ ಆಡಿಟ್‌ನ ಕಾರ್ಯಪತ್ರಗಳನ್ನು ನಿಮ್ಮ ಕಚೇರಿ ವರ್ಷಕ್ಕೆ ಎಷ್ಟು ಕಡೆ ತೆರೆಸಿ ನೋಡುತ್ತದೆ? ಯಾವುದನ್ನು ನೋಡಬೇಕೆಂದು ಹೇಗೆ ಆರಿಸುತ್ತೀರಿ?" ಉತ್ತರದಲ್ಲಿ ಒಂದು ಸಂಖ್ಯೆ, ಒಂದು ಮಾನದಂಡ ಇರಬೇಕು. ಗುಮಾಸ್ತೆ ಪದೇಪದೇ ಬದಲಾಗುವ ಊರು, ವರದಿ ತಡವಾಗಿ ಕೊಡುವ ಊರು, ಒಂದೇ ಆಕ್ಷೇಪಣೆ ಮೂರು ವರ್ಷದಿಂದ ಮರುಕಳಿಸುತ್ತಿರುವ ಊರು, ಹೀಗೆ ಅಪಾಯದ ಲಕ್ಷಣ ಹೇಳಬಲ್ಲವರಿಗೆ ಕೆಲಸ ಗೊತ್ತು.

ಅಭ್ಯರ್ಥಿ ಸಿಪಿಎ ಆಗಿರಬೇಕೇ? ಇದು ಪ್ರತಿ ಚುನಾವಣೆಯಲ್ಲೂ ಏಳುವ ಪ್ರಶ್ನೆ. ಬ್ಲಾಹಾ ಗಣಿತದ ಶಿಕ್ಷಕಿಯಾಗಿದ್ದವರು, ಕಾರ್ಮಿಕ ಸಂಘಟನೆಯ ಪದಾಧಿಕಾರಿ. ವಿಲ್ಸನ್ ವಕೀಲರು, ಉದ್ಯಮಿ. ಪಕ್ಕದ ಅಯೋವಾದಲ್ಲಿ 2018ರಲ್ಲಿ ಸಿಪಿಎ ಆಗಿದ್ದ ಹಾಲಿ ಆಡಿಟರ್ ಮೇರಿ ಮೋಸಿಮನ್ ಅವರನ್ನು ಸೋಲಿಸಿದ್ದು ರಾಬ್ ಸ್ಯಾಂಡ್ ಎಂಬ ಸರ್ಕಾರಿ ವಕೀಲರು. ಲಾಟರಿ ಸಂಖ್ಯೆ ಎತ್ತುವ ಯಂತ್ರದೊಳಗೇ ಮೋಸದ ಪ್ರೋಗ್ರಾಂ ತುರುಕಿದ್ದ ಎಡ್ಡಿ ಟಿಪ್ಟನ್ ಮೇಲಿನ ಮೊಕದ್ದಮೆ ನಡೆಸಿ ಹೆಸರಾದವರು ಅವರು. ಸಿಪಿಎ ಒಂದು ಒಳ್ಳೆಯ ಅರ್ಹತೆ. ಆದರೆ ಆಡಿಟರ್ ಸ್ವತಃ ಓಚರು ತಿರುವುವುದಿಲ್ಲ, ಅದನ್ನು ಮಾಡುವ ಪರವಾನಗಿ ಪಡೆದ ಸಿಬ್ಬಂದಿ ಕಚೇರಿಯಲ್ಲಿದ್ದಾರೆ. ಮುಖ್ಯಸ್ಥರಿಗೆ ಬೇಕಾದದ್ದು ಸಿಬ್ಬಂದಿ ಬರೆದ ಆಕ್ಷೇಪಣೆಯನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ, ಮತ್ತು ಅದನ್ನು ಮೆದು ಮಾಡಿ ಎಂದು ಫೋನ್ ಬಂದಾಗ ಒಂದಕ್ಷರ ಬದಲಿಸದ ಗಟ್ಟಿತನ. ಮೊದಲನೆಯದಿಲ್ಲದೆ ಎರಡನೆಯದಿದ್ದರೆ ಹಟಮಾರಿತನ, ಎರಡನೆಯದಿಲ್ಲದೆ ಮೊದಲನೆಯದಿದ್ದರೆ ಬರೀ ಸರ್ಟಿಫಿಕೇಟು.

ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಅಳೆಯುವುದು ಸುಲಭ. ಸರ್ಕಾರಿ ಆಡಿಟ್‌ನವರು ಅನುಸರಿಸುವ ಮಾನದಂಡಕ್ಕೆ ಅಮೆರಿಕದಲ್ಲಿ 'ಯೆಲ್ಲೋ ಬುಕ್' ಎನ್ನುತ್ತಾರೆ, ಹೊರಡಿಸುವುದು ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ. ಅದರಂತೆ ಒಂದು ಆಕ್ಷೇಪಣೆಗೆ ನಾಲ್ಕು ಕಾಲು: ಇರಬೇಕಾದದ್ದು ಏನು, ಇರುವುದು ಏನು, ಕಾರಣ ಏನು, ಪರಿಣಾಮ ಏನು. ಅಭ್ಯರ್ಥಿ ಪ್ರಚಾರದಲ್ಲಿ "ಆ ನಗರದಲ್ಲಿ ದುಂದುವೆಚ್ಚ" ಎಂದರೆ ಈ ನಾಲ್ಕನ್ನೂ ಕೇಳಿ. ಯಾವ ನಿಯಮ ಮುರಿದರು? ಎಷ್ಟು ಹಣ? ಏಕೆ ಹಾಗಾಯಿತು? ಊರಿಗೆ ಏನು ನಷ್ಟ? 'ಕಾರಣ' ಹೇಳುವಲ್ಲಿ ಹೆಚ್ಚಿನವರು ಎಡವುತ್ತಾರೆ. ಕಾರಣ ಗೊತ್ತಿಲ್ಲದೆ ಕೊಟ್ಟ ಶಿಫಾರಸು ಮುಂದಿನ ವರ್ಷದ ವರದಿಯಲ್ಲಿ ಅದೇ ಆಕ್ಷೇಪಣೆಯಾಗಿ ವಾಪಸ್ ಬರುತ್ತದೆ. ಅದೇ ಪುಸ್ತಕದ ಇನ್ನೆರಡು ನಿಯಮಗಳೂ ಕೆಲಸಕ್ಕೆ ಬರುತ್ತವೆ. ಆಡಿಟ್ ಸಿಬ್ಬಂದಿ ಎರಡು ವರ್ಷಕ್ಕೆ 80 ಗಂಟೆ ತರಬೇತಿ ಪಡೆಯಬೇಕು, ಅದರಲ್ಲಿ 24 ಗಂಟೆಯಾದರೂ ಸರ್ಕಾರಿ ಲೆಕ್ಕಕ್ಕೆ ಸಂಬಂಧಿಸಿದ್ದಿರಬೇಕು. ಮೂರು ವರ್ಷಕ್ಕೊಮ್ಮೆ ಹೊರಗಿನ ಪರಿಶೋಧಕರು ಬಂದು ಕಚೇರಿಯ ಕೆಲಸವನ್ನೇ ತಪಾಸಣೆ ಮಾಡಬೇಕು. ಫಲಿತಾಂಶ ಮೂರೇ ಬಗೆ: ಪಾಸು, ಕೊರತೆಗಳೊಂದಿಗೆ ಪಾಸು, ಫೇಲು. ಹಾಲಿ ಆಡಿಟರ್ ಸ್ಪರ್ಧೆಯಲ್ಲಿದ್ದರೆ ಅವರ ಕಾಲದ ಆ ಪತ್ರ ತೋರಿಸಿ ಎನ್ನಿ. ಹೊಸಬರಾದರೆ ಆ ಪತ್ರ ಓದಿದ್ದೀರಾ ಎನ್ನಿ.

ಗಟ್ಟಿತನವನ್ನು ಅಳೆಯುವುದು ಕಷ್ಟ, ಆದರೂ ಸುಳಿವುಗಳಿವೆ. ಚುನಾವಣಾ ದೇಣಿಗೆಯ ಪಟ್ಟಿ ರಾಜ್ಯದ ಕ್ಯಾಂಪೇನ್ ಫೈನಾನ್ಸ್ ಮಂಡಳಿಯ ಜಾಲತಾಣದಲ್ಲಿ ಸಾರ್ವಜನಿಕವಾಗಿ ಸಿಗುತ್ತದೆ. ನಾಮಪತ್ರ ಸಲ್ಲಿಸಿದ 14 ದಿನದೊಳಗೆ ಅಭ್ಯರ್ಥಿ ತನ್ನ ಆರ್ಥಿಕ ಹಿತಾಸಕ್ತಿಯ ವಿವರವನ್ನೂ ಅದೇ ಮಂಡಳಿಗೆ ಕೊಡಬೇಕು. ಅಲ್ಲಿ ಹುಡುಕಬೇಕಾದದ್ದು ಒಂದೇ: ಈ ಕಚೇರಿಯ ತಪಾಸಣೆಗೆ ಒಳಗಾಗುವವರ ಹಣ ಇದೆಯೇ? ಉದಾಹರಣೆಗೆ ಟಿಐಎಫ್. ಒಂದು ಪ್ರದೇಶ ಅಭಿವೃದ್ಧಿಯಾದಾಗ ಹೆಚ್ಚುವ ಆಸ್ತಿ ತೆರಿಗೆಯನ್ನು ಅದೇ ಯೋಜನೆಯ ಖರ್ಚಿಗೆ ತಿರುಗಿಸುವ ವ್ಯವಸ್ಥೆ ಅದು. ಪುನರಭಿವೃದ್ಧಿ ವಲಯವಾದರೆ 25 ವರ್ಷದವರೆಗೆ, ಆರ್ಥಿಕ ಅಭಿವೃದ್ಧಿ ವಲಯವಾದರೆ 8 ವರ್ಷ ಆ ಹಣ ಶಾಲೆಗೂ ಹೋಗುವುದಿಲ್ಲ, ಕೌಂಟಿಗೂ ಹೋಗುವುದಿಲ್ಲ. ನಿಯಮ ಮೀರಿ ಖರ್ಚಾಗಿದೆಯೇ ಎಂದು ನೋಡುವವರು ಸ್ಟೇಟ್ ಆಡಿಟರ್. ಟಿಐಎಫ್ ಮೇಲೆ ನಿಂತಿರುವ ಬಿಲ್ಡರ್‌ಗಳು, ಅವರ ಸಲಹೆಗಾರರು ಒಬ್ಬ ಅಭ್ಯರ್ಥಿಯ ಪಟ್ಟಿಯಲ್ಲಿ ಸಾಲುಸಾಲಾಗಿ ಕಂಡರೆ ಅದನ್ನು ಅವರ ಮುಂದೆಯೇ ಇಟ್ಟು ಕೇಳುವುದು ಮತದಾರನ ಹಕ್ಕು.

ಮಹತ್ವಾಕಾಂಕ್ಷೆಯ ವಿಷಯ. ಆರ್ನಿ ಕಾರ್ಲ್‌ಸನ್ ಮತ್ತು ಮಾರ್ಕ್ ಡೇಟನ್ ಇಬ್ಬರೂ ಮಿನೆಸೋಟಾದ ಸ್ಟೇಟ್ ಆಡಿಟರ್ ಆಗಿದ್ದು ಮುಂದೆ ಗವರ್ನರ್ ಆದವರು. ಆಟೊ ಕೂಡ 2018ರಲ್ಲಿ ಗವರ್ನರ್ ಹುದ್ದೆಗೆ ಯತ್ನಿಸಿದರು. ಮೇಲಿನ ಮೆಟ್ಟಿಲಿಗೆ ಕಣ್ಣಿಡುವುದು ತಪ್ಪಲ್ಲ. ಆದರೆ ಎದುರಾಳಿ ಪಕ್ಷದ ಮೇಯರ್ ಇರುವ ಊರಿನಲ್ಲಿ ಆಡಿಟ್ ವರದಿ ಚುನಾವಣೆಯ ಮುಂಚಿನ ವಾರದಲ್ಲೇ ಹೊರಬಂದರೆ ಆ ಕಚೇರಿಯ ಮಾತಿನ ಬೆಲೆ ಇಳಿಯುತ್ತದೆ. ವಿಶೇಷ ತನಿಖೆ ಯಾವ ಆಧಾರದ ಮೇಲೆ ಆರಂಭಿಸುತ್ತೀರಿ, ವರದಿ ಬಿಡುಗಡೆಯ ದಿನವನ್ನು ಯಾರು ನಿರ್ಧರಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಈ ಹುದ್ದೆಗೆ ಅಂಟಿಕೊಂಡ, ಪ್ರಚಾರದಲ್ಲಿ ಯಾರೂ ಎತ್ತದ ಇನ್ನೊಂದು ಕೆಲಸವಿದೆ. ಸ್ಟೇಟ್ ಆಡಿಟರ್ ಹಲವು ಮಂಡಳಿಗಳ ಸದಸ್ಯರು: ಗವರ್ನರ್ ಜೊತೆ ಕೂರುವ ಎಕ್ಸಿಕ್ಯೂಟಿವ್ ಕೌನ್ಸಿಲ್, ವಸತಿ ಹಣಕಾಸು ಸಂಸ್ಥೆ, ಸ್ಥಳೀಯ ನೌಕರರ ಪಿಂಚಣಿ ಮಂಡಳಿ, ನೂರು ಬಿಲಿಯನ್ ಡಾಲರ್‌ಗೂ ಮಿಕ್ಕ ಹಣ ಹೂಡುವ ಸ್ಟೇಟ್ ಬೋರ್ಡ್ ಆಫ್ ಇನ್ವೆಸ್ಟ್‌ಮೆಂಟ್. ಈ ಕೊನೆಯ ಮಂಡಳಿಯಲ್ಲಿ ಇರುವುದೇ ನಾಲ್ಕು ಜನ, ಅವರಲ್ಲಿ ಆಡಿಟರ್ ಒಬ್ಬರು. 2013ರಲ್ಲಿ ಉತ್ತರ ಮಿನೆಸೋಟಾದ ಖನಿಜ ಶೋಧನೆಯ ಗುತ್ತಿಗೆಗಳು ಎಕ್ಸಿಕ್ಯೂಟಿವ್ ಕೌನ್ಸಿಲ್ ಮುಂದೆ ಬಂದಾಗ ವಿರುದ್ಧ ಮತ ಹಾಕಿದ್ದು ಆಟೊ ಒಬ್ಬರೇ. ಅದು ಕಬ್ಬಿಣದ ಗಣಿಗಳ ಐರನ್ ರೇಂಜ್ ಭಾಗದಲ್ಲಿ ದೊಡ್ಡ ಚುನಾವಣಾ ವಿಷಯವೇ ಆಯಿತು. ನಿಮ್ಮ ಮನೆಯಲ್ಲಿ ಶಿಕ್ಷಕರೋ ಕೌಂಟಿ ನೌಕರರೋ ಇದ್ದರೆ ಅವರ ಪಿಂಚಣಿಯ ಹೂಡಿಕೆ ಕುರಿತು ಅಭ್ಯರ್ಥಿಯ ನಿಲುವು ಗೊತ್ತಿರಲೇಬೇಕು.

ಬೇರೆ ರಾಜ್ಯಗಳ ಕನ್ನಡಿಗರೂ ಇಲ್ಲಿರುವುದರಿಂದ ಒಂದು ಸುತ್ತು ಹೊರಗೂ ಹೋಗಿ ಬರೋಣ. ಎಲ್ಲೆಡೆ ಹುದ್ದೆಯ ಹೆಸರು ಒಂದೇ, ಕೆಲಸ ಮಾತ್ರ ಬೇರೆಬೇರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಈ ಹುದ್ದೆಗೆ ಮತದಾನವೇ ಇಲ್ಲ, ನೇಮಕ ಮಾತ್ರ. ನಾರ್ತ್ ಕೆರೊಲಿನಾದಲ್ಲಿ 2024ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಆಡಿಟರ್ ಹುದ್ದೆ ಗೆದ್ದರು. ಡಿಸೆಂಬರ್‌ನಲ್ಲಿ ಶಾಸನಸಭೆ, ರಾಜ್ಯ ಚುನಾವಣಾ ಮಂಡಳಿಗೆ ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಗವರ್ನರ್ ಕೈಯಿಂದ ತೆಗೆದು ಆಡಿಟರ್ ಕೈಗೆ ಕೊಡುವ ಕಾನೂನು ಮಾಡಿತು. ಲೆಕ್ಕ ನೋಡಲೆಂದು ಮತ ಹಾಕಿದವರಿಗೆ ಚುನಾವಣೆ ನಡೆಸುವವರನ್ನು ಆರಿಸುವವರು ಸಿಕ್ಕಿದರು. ಅಲ್ಲಿ ಮುಂದಿನ ಸಲ ಅಭ್ಯರ್ಥಿಗಳನ್ನು ತೂಗುವಾಗ ಬೇರೆಯದೇ ತಕ್ಕಡಿ ಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಡಯಾನಾ ಡಿಝೋಗ್ಲಿಯೊ 2022ರಲ್ಲಿ ಶಾಸನಸಭೆಯನ್ನೇ ಆಡಿಟ್ ಮಾಡುತ್ತೇನೆ ಎಂದು ಹೇಳಿ ಗೆದ್ದರು. 2024ರಲ್ಲಿ ಜನಾಭಿಪ್ರಾಯಕ್ಕೆ ಹಾಕಿದಾಗ ಶೇಕಡ 70ಕ್ಕೂ ಹೆಚ್ಚು ಜನ ಒಪ್ಪಿಗೆ ಕೊಟ್ಟರು. ಅಷ್ಟಾದರೂ ಶಾಸನಸಭೆ ಸಂವಿಧಾನದ ಪ್ರಶ್ನೆ ಎತ್ತಿ ಪುಸ್ತಕ ಕೊಡಲು ಒಪ್ಪಲಿಲ್ಲ. ಅಯೋವಾದಲ್ಲಿ 2023ರ ಕಾನೂನು, ಮಾಹಿತಿ ಕೊಡದ ಇಲಾಖೆಯ ಮೇಲೆ ಆಡಿಟರ್ ಕೋರ್ಟಿಗೆ ಹೋಗದಂತೆ ಮಾಡಿ, ವಿವಾದವನ್ನು ಮೂವರ ಸಮಿತಿಗೆ ಒಪ್ಪಿಸಿತು: ಆಡಿಟರ್ ಕಡೆಯವರೊಬ್ಬರು, ಇಲಾಖೆ ಕಡೆಯವರೊಬ್ಬರು, ಗವರ್ನರ್ ಕಡೆಯವರೊಬ್ಬರು. ದಾಖಲೆ ಕೈಗೆ ಸಿಗದ ಆಡಿಟರ್ ಏನೂ ಮಾಡಲಾರರು. ಆದ್ದರಿಂದ 'ದಾಖಲೆ ಕೊಡುವುದಿಲ್ಲ ಎಂದರೆ ಮುಂದೇನು' ಎಂಬುದಕ್ಕೆ ಅಭ್ಯರ್ಥಿಯ ಬಳಿ ಸಿದ್ಧ ಉತ್ತರವಿರಬೇಕು.

ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಉಂಟು. ಇಲಿನಾಯ್‌ನಲ್ಲಿ ಚುನಾಯಿತ ಆಡಿಟರ್ ಆಗಿದ್ದ ಆರ್ವಿಲ್ ಹಾಜ್ ಹತ್ತು ಲಕ್ಷ ಡಾಲರ್‌ಗೂ ಮೀರಿದ ಸಾರ್ವಜನಿಕ ಹಣವನ್ನು ತಿಂದು 1956ರಲ್ಲಿ ಸಿಕ್ಕಿಬಿದ್ದರು. ಬಯಲಿಗೆಳೆದದ್ದು ಷಿಕಾಗೊ ಡೈಲಿ ನ್ಯೂಸ್ ಪತ್ರಿಕೆ. ಅಲ್ಲಿನ ಹಳೆಯ ಆಡಿಟರ್ ಕಚೇರಿಗೆ ಹಣ ಪಾವತಿಯ ಅಧಿಕಾರವೂ ಇತ್ತು. ಪಾವತಿಸುವ ಕೈಯೇ ಪರಿಶೀಲಿಸುವ ಕೈ ಆದಾಗ ಆದದ್ದು ಅದು. 1970ರ ಹೊಸ ಸಂವಿಧಾನ ಆ ಹುದ್ದೆಯನ್ನು ತೆಗೆದು, ಪಾವತಿಯನ್ನು ಕಂಟ್ರೋಲರ್‌ಗೂ ಪರಿಶೀಲನೆಯನ್ನು ಶಾಸನಸಭೆ ನೇಮಿಸುವ ಆಡಿಟರ್ ಜನರಲ್‌ಗೂ ಹಂಚಿತು.

ಈಗ ಕೈಯಾರೆ ಮಾಡಬೇಕಾದ ಕೆಲಸ. ಒಂದು ಸಂಜೆ, ಎರಡು ಗಂಟೆ ಸಾಕು. ನೀವು ವಾಸಿಸುವ ನಗರದ ಅಥವಾ ಶಾಲಾ ಜಿಲ್ಲೆಯ ಇತ್ತೀಚಿನ ಆಡಿಟ್ ವರದಿ ಇಳಿಸಿಕೊಳ್ಳಿ. ನೂರಾರು ಪುಟ ಕಂಡು ಗಾಬರಿಯಾಗಬೇಡಿ, ನೇರ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಆಕ್ಷೇಪಣೆಗಳ ಪಟ್ಟಿ ಇರುತ್ತದೆ, 2024-001, 2024-002 ಎಂಬಂಥ ಸಂಖ್ಯೆಗಳೊಂದಿಗೆ. ಹಿಂದಿನ ವರ್ಷವೂ ಇದೇ ಆಕ್ಷೇಪಣೆ ಇತ್ತೇ ಎಂದು ನೋಡಿ, ಆಡಳಿತದವರು ಕೊಟ್ಟ ಉತ್ತರ ಓದಿ. "ಸಿಬ್ಬಂದಿ ಕಡಿಮೆ, ಏನೂ ಮಾಡಲಾಗದು" ಎಂಬ ಉತ್ತರ ಬಹಳ ಕಾಣುತ್ತದೆ. ಸಣ್ಣ ಊರಿಗೆ ಅದು ನಿಜವೂ ಹೌದು. ಆದರೂ ಮಾಡಬಹುದಾದದ್ದು ಇದೆ: ಬ್ಯಾಂಕ್ ಸ್ಟೇಟ್‌ಮೆಂಟಿನ ಲಕೋಟೆಯನ್ನು ಗುಮಾಸ್ತರ ಬದಲು ಮಂಡಳಿಯ ಸದಸ್ಯರೊಬ್ಬರು ಒಡೆದು ನೋಡಿ, ಸಹಿ ಹಾಕಿ, ಆಮೇಲೆ ಕೊಡುವುದು. ಡಿಕ್ಸನ್‌ನಲ್ಲಿ ಇದಿಷ್ಟು ನಡೆದಿದ್ದರೆ ಆ ವಂಚನೆ ಎರಡು ದಶಕ ಬೆಳೆಯುತ್ತಿರಲಿಲ್ಲ. ಆ ಪುಟವನ್ನು ಮುದ್ರಿಸಿಕೊಂಡು ಅಭ್ಯರ್ಥಿಗಳ ಸಭೆಗೆ ಹೋಗಿ, "ನಮ್ಮ ಊರಿನ ಈ ಆಕ್ಷೇಪಣೆಗೆ ನೀವು ಏನು ಮಾಡುತ್ತಿದ್ದಿರಿ" ಎಂದು ಮುಂದಿಡಿ. ಸಿದ್ಧ ಭಾಷಣ ಅಲ್ಲಿಗೆ ನಿಂತು, ಅಸಲು ಮಾತು ಶುರುವಾಗುತ್ತದೆ.

ಮತದಾನ ಪೌರತ್ವ ಪಡೆದವರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು, ಎಚ್-1ಬಿ ಮೇಲಿರುವವರು ನೋಂದಣಿ ಅರ್ಜಿಗೆ ಕೈ ಹಚ್ಚಲೇಬಾರದು, ಅದು ವೀಸಾಕ್ಕೂ ಮುಂದಿನ ಪೌರತ್ವಕ್ಕೂ ಕುತ್ತು. ಆದರೆ ಆಡಿಟ್ ವರದಿ ಓದಲು, ನಗರಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು, ಸ್ಥಳೀಯ ಹಣ ದುರುಪಯೋಗವಾಗುತ್ತಿದೆ ಎಂಬ ಅನುಮಾನವಿದ್ದರೆ ಸ್ಟೇಟ್ ಆಡಿಟರ್ ಕಚೇರಿಗೆ ತಿಳಿಸಲು ಪೌರತ್ವ ಬೇಕಿಲ್ಲ. ಕೌಂಟಿ, ನಗರ, ಶಾಲೆಗಳಲ್ಲಿ ಕೆಲಸ ಮಾಡುವವರಿಗಂತೂ ಕಳವಿನ ಸಾಕ್ಷ್ಯ ಕಂಡರೆ ಪೊಲೀಸರಿಗೂ ಸ್ಟೇಟ್ ಆಡಿಟರ್‌ಗೂ ತಿಳಿಸುವುದು ಕಾನೂನು ಹೊರಿಸಿದ ಕರ್ತವ್ಯ. ಇಡೀ ಊರಿನ ಲೆಕ್ಕವನ್ನೇ ತಪಾಸಣೆ ಮಾಡಿಸಬೇಕೆಂದರೆ ನೋಂದಾಯಿತ ಮತದಾರರು ಅರ್ಜಿ ಹಾಕಬಹುದು. ನಗರ ಅಥವಾ ಕೌಂಟಿಗಾದರೆ ಹಿಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದವರ ಶೇಕಡ 20ರಷ್ಟು ಸಹಿ ಬೇಕು, ಖರ್ಚು ಆ ಊರಿನದೇ. ಸಹಿ ಸಂಗ್ರಹಕ್ಕೆ ಹೊರಡುವ ಮುನ್ನ ಆ ಖರ್ಚನ್ನು ಮನೆಮನೆಯವರಿಗೆ ಮೊದಲೇ ಹೇಳಿ, ಆಮೇಲೆ ಸಹಿ ಕೇಳಿ.

ಪಕ್ಷದೊಳಗಿನ ಆಯ್ಕೆ ಆಗಸ್ಟ್ 11ರ ಪ್ರೈಮರಿಯಲ್ಲಿ. ನವೆಂಬರ್ ಚುನಾವಣೆಗೆ 46 ದಿನ ಮುಂಚಿತವಾಗಿ, ಅಂದರೆ ಸೆಪ್ಟೆಂಬರ್ 18ರಿಂದಲೇ ಮತ ಹಾಕಬಹುದು. ನೋಂದಣಿ ಆಗಿಲ್ಲದವರು ವಿಳಾಸದ ಪುರಾವೆ ತೆಗೆದುಕೊಂಡು ಹೋದರೆ ಮತದಾನದ ದಿನವೇ ಮತಗಟ್ಟೆಯಲ್ಲಿ ನೋಂದಾಯಿಸಿಕೊಂಡು ಮತ ಹಾಕಿ ಬರಬಹುದು.